ಕೆಳಗೆ ಉಳಿದ ಸಾಲು

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಮಾತ್ರ ಗೊತ್ತಿರುವ ಒಂದು ಸಂಕಟವಿದೆ. ಒಳಗೆ ತುರಿಸುತ್ತದೆ, ಬೆರಳು ಹೋಗುವುದಿಲ್ಲ. ನಮ್ಮ ಗಂಗತ್ತಿಗೆ ಈ ಸಂಕಟ ಶುರುವಾದದ್ದು ಮೊನ್ನೆ ಭಾನುವಾರ ಬೆಳಿಗ್ಗೆ, ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ.

"ಸುನೀ, ಒಳಗ ಇರಿವಿ ಹರದಾಡಿದ್ಹಂಗ ಆಗ್ಲಿಕತ್ತದ. ಉದ್ದಂದು ಏನರ ಕೊಡವಾ."

"ಡಾಕ್ಟರು ಒಳಗ ಏನೂ ತುರುಕಬ್ಯಾಡ ಅಂದಾರ, ಅತ್ತಿ."

"ತುರಸೂದು ಡಾಕ್ಟರಿಗೋ ನನಗೋ?"

ಗಂಗತ್ತಿ ನನ್ನ ತಂದೆಯ ತಂಗಿ. ವಯಸ್ಸು ಎಪ್ಪತ್ತೆಂಟು. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಪುಣೆಗೆ, ಅಣ್ಣನ ಮನೆಗೆ ಬಂದವಳು. ನನ್ನನ್ನು ಎತ್ತಿ ಆಡಿಸಿದವಳು. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಅಥವಾ ಅವಳ ಪ್ರಕಾರ, ನಾನು ಅವಳ ಜೊತೆಗೆ ಇದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ಹಾಗಂತ ಅವಳೆದುರು ಯಾರೂ ಅನ್ನುವ ಧೈರ್ಯ ಮಾಡುವುದಿಲ್ಲ.

ಉದ್ದನೆಯದು ಏನಾದರೂ ಇದೆಯೇ ಎಂದು ನಾನು ಅಡುಗೆಮನೆಯ ಅಟ್ಟವನ್ನೆಲ್ಲ ತಡಕಾಡಿದೆ. ಹಳೆಯ ಶ್ಯಾವಿಗೆ ಮಣೆಯ ಹಿಂದೆ ಕೈಗೆ ತಾಕಿದ್ದು ಕಾಗದ ಚುಚ್ಚುವ ತಂತಿ. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಕೊಕ್ಕೆ, ನಡುವೆ ನನ್ನ ಬಾಲ್ಯದ ಹತ್ತು ಹದಿನೈದು ವರ್ಷಗಳ ಪತ್ರಗಳು ಹೊಟ್ಟೆ ತೂತು ಮಾಡಿಸಿಕೊಂಡು ಕೂತಿದ್ದವು. ನಮ್ಮ ಕಡೆಯ ಮನೆಗಳಲ್ಲಿ ಹೀಗೊಂದು ತಂತಿ ಬಾಗಿಲ ಮೊಳೆಗೆ ತೂಗುತ್ತಿದ್ದದ್ದು ನಿಮಗೂ ನೆನಪಿರಬಹುದು. ಪತ್ರ ಬಂತು, ಓದಿದೆವು, ಚುಚ್ಚಿದೆವು. ಮನೆಯ ಮಾತೆಲ್ಲ ಅಲ್ಲಿ, ಮೇಲಿನಿಂದ ಕೆಳಕ್ಕೆ, ಇಂದಿನಿಂದ ಹಿಂದಕ್ಕೆ.

ತಂತಿಗೆ ಜಂಗು ಹಿಡಿದಿತ್ತು. ಅದನ್ನು ಗಂಗತ್ತಿಯ ಕೈಗೆ ಕೊಡುವ ಮಾತೇ ಇರಲಿಲ್ಲ. ಆದರೆ ಪತ್ರಗಳನ್ನು ಒಂದೊಂದಾಗಿ ಬಿಚ್ಚಿ ಹಾಸಿಗೆಯ ಮೇಲೆ ಹರವಿದೆ. ಅವಲಕ್ಕಿ ಸೀದುಹೋಯಿತು.

ಆಗ ನಾವಿದ್ದದ್ದು ಹಳೆಯ ಪೇಟೆಯ ಒಂದು ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಹನ್ನೊಂದು ಬಿಡಾರ, ಎಲ್ಲರಿಗೂ ಒಂದೇ ನಲ್ಲಿ. ಅಪ್ಪ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಹನ್ನೊಂದರಲ್ಲಿ ಮೂರು ಬಿಡಾರ ನಮ್ಮವು, ಅಂದರೆ ಕನ್ನಡದವು. ಅಪ್ಪಂದಿರೆಲ್ಲ ಹಗಲು ಅಂಗಡಿಯಲ್ಲಿ, ಕಚೇರಿಯಲ್ಲಿ. ಮನೆಯಲ್ಲಿ ಉಳಿದ ಹೆಂಗಸರಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಹೀಗಾಗಿ ಎಂಟನೆಯ ವಯಸ್ಸಿಗೇ ನಾನು ಮೂರು ಮನೆಯ ಸರ್ಕಾರಿ ಓದುಗಾರ್ತಿಯಾದೆ. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡ ಅಕ್ಷರ ಕಲಿಸಿದ್ದು ಅಪ್ಪ, ಸಂಜೆ ಹೊತ್ತು, ಅಂಗಡಿಯ ಖಾಲಿ ಪೆಟ್ಟಿಗೆಯ ರಟ್ಟಿನ ಮೇಲೆ. ನನ್ನ ವಿದ್ಯೆಗೆ ಸಿಗುತ್ತಿದ್ದ ಮರ್ಯಾದೆ ಹೇಳತೀರದು. ಪತ್ರ ಬಂದ ದಿನ ನನಗೆ ಮಣೆ ಹಾಕುತ್ತಿದ್ದರು. ಬಾಯಿಗೆ ಶೇಂಗಾ ಉಂಡಿ.

ಓದುವುದಕ್ಕೆ ಒಂದು ಕ್ರಮವಿತ್ತು. ಅದನ್ನು ಮಾಡಿಟ್ಟವಳು ಗಂಗತ್ತಿ.

"ಮೊದಲ ನೀ ಒಬ್ಬಾಕಿನ ಪೂರಾ ಓದ್ಕೋ. ಆಮ್ಯಾಲ ನಮಗ ಓದು. ನಡುವ ನಿಂತಗಂತ ಓದಿದ್ರ ಎದಿ ಒಡೀತದ."

ಹಾಗೆಂದು ನಾನು ಮನಸ್ಸಿನಲ್ಲಿ ಓದಿ ಮುಗಿಸುವವರೆಗೆ ಅವರೆಲ್ಲ ಸುಮ್ಮನೆ ಕೂರುತ್ತಿದ್ದರು. ಬೇಳೆ ಆರಿಸುವ ಕೈಗಳೂ ನಿಲ್ಲುತ್ತಿದ್ದವು. ಅಷ್ಟು ದೊಡ್ಡ ಮೌನವನ್ನು ಆಮೇಲೆ ಯಾರೂ ನನಗೆ ಕೊಟ್ಟಿಲ್ಲ.

ಪೂರಾ ಓದುವುದು ಸುಲಭವೂ ಆಗಿರಲಿಲ್ಲ. ಇನ್‌ಲ್ಯಾಂಡ್ ಪತ್ರವೆಂದರೆ ನಮ್ಮವರಿಗೆ ಒಂದು ಹೊಲವಿದ್ದ ಹಾಗೆ, ಬದುವನ್ನೂ ಬಿಡದೆ ಬಿತ್ತುತ್ತಿದ್ದರು. ನಡುವಿನ ಜಾಗ ಮುಗಿದ ಮೇಲೆ ಅಂಚಿನ ಗುಂಟ, ಅಂಚು ಮುಗಿದ ಮೇಲೆ ಅಂಟು ಹಚ್ಚುವ ಮಡಿಕೆಯೊಳಗೆ. ನಾನು ಪತ್ರವನ್ನು ಚಕ್ಕಡಿಯ ಗಾಲಿಯಂತೆ ತಿರುಗಿಸುತ್ತ ಓದುತ್ತಿದ್ದೆ. ಮೊದಲ ಅರ್ಧ ಪುಟವೆಲ್ಲ ಇತ್ತ ಕ್ಷೇಮ, ಅತ್ತ ಕ್ಷೇಮ, ಮಳೆ, ಎಮ್ಮೆ. ನಿಜವಾದ ವಿಷಯ ಬರುತ್ತಿದ್ದದ್ದು ಕಟ್ಟಕಡೆಗೆ, ಸಹಿಯಾದ ಮೇಲೆ ‘ತಾ. ಕ.’, ಅಂದರೆ ತಾಜಾ ಕಲಮು, ಎಂದು ಬರೆದು ಅದರ ಕೆಳಗೆ. ಮೊಮ್ಮಗ ಹುಟ್ಟಿದ್ದು ತಾ. ಕ.ದಲ್ಲಿ. ಲಗ್ನ ಮುರಿದದ್ದು ತಾ. ಕ.ದಲ್ಲಿ. ಒಮ್ಮೆಯಂತೂ ಸಿಂದಗಿಯಿಂದ ಬಂದ ಪತ್ರದಲ್ಲಿ ಎರಡು ಪುಟ ಹುರಳಿಕಾಳಿನ ಬಗ್ಗೆ ಬರೆದು, ಅಂಟಿನ ಮಡಿಕೆಯೊಳಗೆ ‘ಮನೆಗೆ ಬೆಂಕಿ ಬಿದ್ದಿತ್ತು, ಆರಿತು’ ಎಂದಿದ್ದರು.

ಆಮೇಲೆ ಕಾರ್ಡು. ಕಾರ್ಡು ಎಲ್ಲರಿಗೂ ತೆರೆದದ್ದು, ಬೇಕಾದವರು ಓದಬಹುದು. ಊರಲ್ಲಾದರೆ ಅಂಚೆಯವ ಊರ ಹೆಬ್ಬಾಗಿಲ ಅಗಸಿಯಲ್ಲೇ ಸುದ್ದಿ ಹೇಳಿ ಆಮೇಲೆ ಕಾರ್ಡು ಕೊಡುತ್ತಿದ್ದನಂತೆ. ಪುಣೆಯಲ್ಲಿ ನಮ್ಮ ಕಾರ್ಡಿಗೆ ಲಕೋಟೆಯ ಗೌರವ ತಾನಾಗಿ ಬಂದಿತ್ತು, ಏಕೆಂದರೆ ವಾಡೆಯಲ್ಲಿ ಉಳಿದ ಯಾರಿಗೂ ಆ ಅಕ್ಷರ ಬರುತ್ತಿರಲಿಲ್ಲ. ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು "ಕಾನಡೀ ಪತ್ರ!" ಎಂದು ಕೂಗುತ್ತಿದ್ದ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಜಿಲೇಬಿ" ಎಂದು ನಕ್ಕು ಕೊಡುತ್ತಿದ್ದ.

ಆದರೆ ಎರಡು ಗುರುತುಗಳನ್ನು ಅವನೂ ಓದಬಲ್ಲವನಾಗಿದ್ದ. ಕಾರ್ಡಿನ ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದ್ದರೆ ಶುಭ. ಒಂದು ಮೂಲೆ ಹರಿದಿದ್ದರೆ ಸಾವು. ಹರಿದ ಕಾರ್ಡನ್ನು ಯಾರೂ ತಂತಿಗೆ ಚುಚ್ಚುವುದಿಲ್ಲ. ಓದಿ, ಚೂರು ಮಾಡಿ, ಹೊರಗೆ ಚೆಲ್ಲಿ ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ.

ಹಾಗಂತ ಆ ಕಾಲದ ಸುದ್ದಿಯೆಲ್ಲ ಚಿನ್ನದಂಥದ್ದು ಎಂದು ನಾನು ಹೇಳುತ್ತಿಲ್ಲ. ಪತ್ರಕ್ಕೂ ಪುರುಸೊತ್ತಿಲ್ಲದಾಗ ಅಪ್ಪ ನನ್ನನ್ನು ಕರೆದುಕೊಂಡು ಸ್ವಾರಗೇಟಿಗೆ ಹೋಗಿ, ವಿಜಯಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಾತು ಕಳಿಸುತ್ತಿದ್ದರು. "ನಮ್ಮ ತಮ್ಮ ಸ್ಟ್ಯಾಂಡಿನ್ಯಾಗ ಪಾನಪಟ್ಟಿ ಅಂಗಡಿ ಹಂತ್ಯಾಕ ನಿಂತಿರ್ತಾನ್ರಿ. ಹುಡುಗಿಗೆ ಜ್ವರ ಬಂದಾವ, ಈ ವಾರ ಬರೂದಾಗೂದಿಲ್ಲ ಅಂತ ಹೇಳ್ರಿ." ಕಂಡಕ್ಟರ್ "ಹೌದ್ರಿ, ಹೇಳ್ತೀನ್ರಿ" ಎನ್ನುತ್ತಿದ್ದ. ಅಲ್ಲಿ ಅದು ‘ಹುಡುಗಿಗೆ ಜ್ವರ ಬಂದು ಹೋಗ್ಯಾವ’ ಎಂದು ತಲುಪುತ್ತಿತ್ತು. ಕೆಟ್ಟ ಮಾತನ್ನು ಅಷ್ಟು ದೂರ ಹಾಗೇ ಹೊತ್ತೊಯ್ಯಲು ಆ ಮನುಷ್ಯನಿಗೆ ಮನಸ್ಸಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ನನಗೂ ಒಮ್ಮೆ ಹಾಗೇ ಆಯಿತು.

ನನಗಾಗ ಹತ್ತು ವರ್ಷ. ಶಾಲೆಗೆ ರಜೆ, ಮಧ್ಯಾಹ್ನ. ಅವ್ವ ನಲ್ಲಿಗೆ ಹೋಗಿದ್ದಳು. ಗಂಗತ್ತಿ ಒಳಗೆ ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಪೋಸ್ಟ್‌ಮನ್ ಬಂದ, ಆದರೆ ಕೂಗಲಿಲ್ಲ. ಜಿಲೇಬಿ ಎನ್ನಲಿಲ್ಲ. ಹೊಸ್ತಿಲಲ್ಲಿದ್ದ ನನ್ನ ಕೈಗೆ ಕಾರ್ಡಿಟ್ಟು, "ವಡಿಲಾಂನಾ ದೇ" ಎಂದ, ಅಪ್ಪನಿಗೆ ಕೊಡು ಎಂದು. ಬೇಗ ಬೇಗ ಹೊರಟುಹೋದ. ಮೂಲೆ ಹರಿದಿತ್ತು. ಕ್ರಮದ ಪ್ರಕಾರ ಮೊದಲು ನಾನು ಓದಿಕೊಂಡೆ. ಸಿಂದಗಿಯ ಶಾಂತತ್ತಿ ಹೋಗಿದ್ದಳು. ಗಂಗತ್ತಿಯ ಒಡಹುಟ್ಟಿದ ಅಕ್ಕ.

"ಯಾರ ಕಾಗದ ಅದ ಸುನೀ? ಓದು."

ನಾನು ಓದಿದೆ. "ಶಾಂತಕ್ಕಗ ಸ್ವಲ್ಪ ಆರಾಮಿಲ್ಲ, ನೋಡಲಿಕ್ಕೆ ಬರ್ರಿ ಅಂತ ಬರದಾರ."

ಗಂಗತ್ತಿ "ಹೂಂ" ಅಂದಳು. ಒನಕೆಯನ್ನು ಗೋಡೆಗೆ ಆನಿಸಿದಳು. "ಭಾಳ ಸೆಕಿ ಆಗ್ಲಿಕತ್ತದ" ಎನ್ನುತ್ತ ಬಚ್ಚಲಿಗೆ ಹೋಗಿ ತಲೆಯ ಮೇಲೆ ಎರಡು ಕೊಡ ತಣ್ಣೀರು ಸುರಿದುಕೊಂಡು ಬಂದಳು. ಆಮೇಲೆ ಚೀಲಕ್ಕೆ ಎರಡು ಸೀರೆ ತುಂಬಿದಳು. ಸಂಜೆ ಅಪ್ಪ ಬಂದಾಗ ನಾನು ಕಾರ್ಡನ್ನು ಅಂಗಳದಲ್ಲೇ ಗುಟ್ಟಾಗಿ ಕೊಟ್ಟೆ. ಆರು ಗಂಟೆಯ ಬಸ್ಸಿಗೆ ಅವರಿಬ್ಬರೂ ಹೊರಟರು. ಅಷ್ಟು ಹೊತ್ತು ಆ ಸುದ್ದಿಯನ್ನು ಗಂಗತ್ತಿಯಿಂದ ತಡೆದು ಹಿಡಿದವಳು ನಾನು ಎಂದು ಒಳಗೊಳಗೇ ಹೆಮ್ಮೆ. ಆ ಹೆಮ್ಮೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಲವತ್ತೈದು ವರ್ಷ ನನ್ನ ಜೊತೆಗಿತ್ತು. ಮೊನ್ನೆ ಭಾನುವಾರದವರೆಗೂ.

ಇಷ್ಟೆಲ್ಲ ಸುತ್ತಿ ಬಳಸಿ ಬಂದದ್ದು ಏಕೆಂದರೆ, ಹೇಳಬೇಕಾದದ್ದನ್ನು ಹೇಳಲು ನನಗೆ ಧೈರ್ಯ ಸಾಲುತ್ತಿಲ್ಲ. ನಾನೂ ಸಿಂದಗಿಯವರ ಪೈಕಿಯೇ, ವಿಷಯವನ್ನು ಮಡಿಕೆಯೊಳಗೆ ಬರೆಯುವವಳು.

ಮೂರು ವಾರದ ಹಿಂದೆ ನಾನೂ ಗಂಗತ್ತಿಯೂ ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸು ಹತ್ತಿದೆವು. ಸೋದರ ಸಂಬಂಧದಲ್ಲಿ ಒಬ್ಬ ಬಸುರಿ ಹುಡುಗಿಯ ಕುಬಸವಿತ್ತು. ಗಂಗತ್ತಿ ಕಿಟಕಿಯ ಪಕ್ಕ, ಕಾಲಡಿ ಚೀಲದಲ್ಲಿ ಹೋಳಿಗೆಯ ಡಬ್ಬಿ. ಕುರಕುಂಭ ಹತ್ತಿರ ಬಂದಾಗ ರಸ್ತೆ ಕಟ್ಟಿಹೋಗಿತ್ತು. ಮುಂದೆ ಲಾರಿ, ಹಿಂದೆ ಲಾರಿ. ಆ ಭಾಗದಲ್ಲಿ ಕಿಟಕಿಯಿಂದ ಒಂದು ಖಾರ ವಾಸನೆ ಒಳಗೆ ಬರುತ್ತದೆ, ರಾಸಾಯನಿಕ ಕಾರ್ಖಾನೆಗಳ ಸೀಮೆ. ಅವತ್ತೂ ಬಂತು. ಆಗಲೇ ನನ್ನ ಫೋನು ಟಿಂಗ್ ಎಂದಿತು.

ನಮ್ಮ ಸೊಸೈಟಿಯ ಗ್ರೂಪಿನಲ್ಲಿ ಯಾರೋ ಎಲ್ಲಿಂದಲೋ ಬಂದದ್ದನ್ನು ಮುಂದೆ ತಳ್ಳಿದ್ದರು. ಮರಾಠಿಯಲ್ಲಿತ್ತು. ಕುರಕುಂಭದಲ್ಲಿ ವಿಷಾನಿಲ ಸೋರಿಕೆ. ಕಿಟಕಿ ಮುಚ್ಚಿ. ಮೂಗಿಗೆ ಒದ್ದೆ ಬಟ್ಟೆ ಹಿಡಿಯಿರಿ. ಇದ್ದಲ್ಲಿ ಇರಬೇಡಿ, ಗಾಳಿಗೆ ಅಡ್ಡವಾಗಿ ದೂರ ಹೋಗಿ. ಅಷ್ಟಾದ ಮೇಲೆ ಮೂರು ಚುಕ್ಕೆ, ‘ರೀಡ್ ಮೋರ್’ ಎಂಬ ನೀಲಿ ಅಕ್ಷರ.

ಪತ್ರವಾಗಿದ್ದರೆ ನಾನು ಕೈಬರಹ ನೋಡುತ್ತಿದ್ದೆ. ಸಿಂದಗಿಯವರ ಬರಹವೋ, ತಾಳಿಕೋಟಿಯವರದೋ, ಬರೆದವರು ಎಂಥವರು, ಎಷ್ಟು ಹಿಗ್ಗಿಸಿ ಹೇಳುವವರು, ಎಲ್ಲ ಅಕ್ಷರದಲ್ಲೇ ತಿಳಿಯುತ್ತಿತ್ತು. ಇದರಲ್ಲಿ ಯಾರ ಅಕ್ಷರವೂ ಇರಲಿಲ್ಲ. ಅದರ ಮಾತು ಬಿಡಿ, ನನ್ನ ಮಾತು ಕೇಳಿ. ವಿಮಾ ಕಚೇರಿಯಲ್ಲಿ ಕೂತು ಇಪ್ಪತ್ತೆಂಟು ವರ್ಷ ‘ಕೆಳಗಿನ ಸಣ್ಣ ಅಕ್ಷರವನ್ನೂ ಪೂರ್ತಿ ಓದಿ ಸಹಿ ಮಾಡಿ’ ಎಂದು ಬಂದವರಿಗೆಲ್ಲ ಬೋಧಿಸಿದವಳು, ನೀಲಿ ಅಕ್ಷರದ ತನಕ ಓದಿ ಎದ್ದು ನಿಂತುಬಿಟ್ಟೆ.

"ಅತ್ತಿ, ಗ್ಯಾಸ್ ಸೋರ್ಲಿಕತ್ತದಂತ! ಮೂಗು ಮುಚ್ಕೋ!"

ಹಿಂದಿನ ಸೀಟಿನವನು "ಕಾಯ ಝಾಲಂ?" ಎಂದ. ಏನಾಯಿತು ಎಂದು ಕೇಳಿದವನಿಗೆ ನಾನು ಮರಾಠಿಯಲ್ಲಿ ಓದಿ ಹೇಳಿದೆ. ಗಟ್ಟಿಯಾಗಿ, ಸ್ಪಷ್ಟವಾಗಿ. ಸುಳ್ಳೇಕೆ, ಇಡೀ ಬಸ್ಸು ಸುಮ್ಮನಾಗಿ ನನ್ನ ಕಡೆ ತಿರುಗಿದ ಆ ಒಂದು ಕ್ಷಣ ನನಗೆ ಮಣೆ ಹಾಕಿದಂತಾಗಿತ್ತು.

ಆಮೇಲೆ ಆದದ್ದನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಪಾತ್ರೆ ತೊಳೆಯುವಾಗ, ಲಿಫ್ಟಿಗೆ ಕಾಯುವಾಗ. ನಲವತ್ತು ಜನ, ಒಂದು ಬಾಗಿಲು. ಕಂಡಕ್ಟರ್ "ಥಾಂಬಾ, ಥಾಂಬಾ" ಎಂದು ತಡೆಯುತ್ತ ತಾನೇ ಹೊರಗೆ ಬಿದ್ದ. ಯಾರದೋ ಮೊಣಕೈ ನನ್ನ ಪಕ್ಕೆಗೆ. ನನ್ನ ಕೈಯಲ್ಲಿ ಗಂಗತ್ತಿಯ ಸೆರಗು. ಹಿಂದಿನಿಂದ ನೂಕು ಬಂತು. ಸೆರಗು ಬಿಗಿಯಾಯಿತು, ಜಾರಿತು. ಅವಳು ಮೆಟ್ಟಿಲಿನಿಂದ ಮುಂಗೈ ಊರಿ ನೆಲಕ್ಕೆ ಬಿದ್ದಳು. ಅದೇ ಹೊತ್ತಿಗೆ, ಕಟ್ಟಿಹೋದ ರಸ್ತೆಯನ್ನು ತಪ್ಪಿಸಲು ಎಡಗಡೆಯ ಮಣ್ಣಿನಲ್ಲಿ ನುಗ್ಗುತ್ತಿದ್ದ ಹಾಲಿನ ಟ್ಯಾಂಕರೊಂದು ಬಂತು. ಬ್ರೇಕಿನ ಚೀತ್ಕಾರ, ಧೂಳು. ಧೂಳು ಇಳಿದಾಗ ಚಕ್ರಕ್ಕೂ ಗಂಗತ್ತಿಯ ತಲೆಗೂ ನಡುವೆ ಎರಡು ಗೇಣು. ಅವಳ ಬೆಳ್ಳನೆಯ ತುರುಬು ಬಿಚ್ಚಿಕೊಂಡು ಟೈರಿನ ನೆರಳಿನಲ್ಲಿತ್ತು. ಕನಸಿನಲ್ಲಿ ಆ ಎರಡು ಗೇಣು ಕೆಲವೊಮ್ಮೆ ಒಂದಾಗುತ್ತದೆ. ಎಚ್ಚರಾಗಿ ಎದ್ದು ಹೋಗಿ ಅವಳ ಗೊರಕೆ ಕೇಳಿಸಿಕೊಂಡು ಬರುತ್ತೇನೆ.

ರಸ್ತೆಯ ಪಕ್ಕದ ಚಹಾದಂಗಡಿಯಲ್ಲಿ ಒಬ್ಬಾತ ಭಜಿ ಕರಿಯುತ್ತಿದ್ದ. ಓಡಿ ಬಂದವರನ್ನು ನೋಡಿ ಜಾಲರಿ ಎತ್ತಿ ಹಿಡಿದು, "ಹಾ ವಾಸ ರೋಜಚಾಚ ಆಹೇ" ಎಂದ. ಈ ವಾಸನೆ ದಿನಾ ಇರುವುದೇ ಎಂದು. ಮತ್ತೆ ಎಣ್ಣೆಗೆ ತಿರುಗಿದ.

ಆಗ ನಾನು ನೀಲಿ ಅಕ್ಷರವನ್ನು ಒತ್ತಿದೆ. ಕೆಳಗೆ ಎರಡು ಸಾಲಿತ್ತು. ‘ಗುರುವಾರದ ಅಭ್ಯಾಸದಲ್ಲಿ ಮೇಲಿನಂತೆ ಘೋಷಣೆ ಕೇಳಿಬರುತ್ತದೆ. ಇದು ಕಾರ್ಖಾನೆಯವರ ತಾಲೀಮು ಮಾತ್ರ, ನಾಗರಿಕರು ಗಾಬರಿಯಾಗಬಾರದು.’ ಅವತ್ತು ಮಂಗಳವಾರ.

ನಾನು ಯಾರಿಗೂ ಹೇಳಲಿಲ್ಲ. ಫೋನನ್ನು ಚೀಲದಲ್ಲಿ ಹೋಳಿಗೆಯ ಡಬ್ಬಿಯ ಕೆಳಗೆ ಇಟ್ಟೆ.

ಹೇಳದಿದ್ದರೆ ಹೋಗಲಿ, ಗಂಗತ್ತಿ ಸುಮ್ಮನಿರಬೇಕಲ್ಲ. ಆಸ್ಪತ್ರೆಯಲ್ಲಿ ಎಲುಬು ಕೂಡಿಸುವ ಡಾಕ್ಟರಿಗೆ ಮೊದಲು ಹೇಳಿದಳು. ಆಮೇಲೆ ವಿಜಯಪುರದಿಂದ ಫೋನಿನಲ್ಲಿ ಮುಖ ತೋರಿಸಿದವರಿಗೆಲ್ಲ. "ಗ್ಯಾಸು ಬರ್ಲಿಕತ್ತಿತ್ತು. ನಮ್ಮ ಸುನೀ ಓದಿ ಹೇಳಿದ್ಲಂತ ಎಲ್ಲಾರೂ ಉಳದ್ವಿ. ಕೈ ಹೋದ್ರ ಹೋತು, ಜೀವ ಅದ ಅಲ್ಲ!" ಬಂಧುಗಳ ಗ್ರೂಪಿನಲ್ಲಿ ನನಗೆ ಹೂವಿನ ಚಿತ್ರಗಳು, ಮುಗಿದ ಕೈಗಳು. ನಾನು ಪ್ರತಿಯೊಂದಕ್ಕೂ ಮುಗಿದ ಕೈ ಕಳಿಸಿದೆ.

ಮೊನ್ನೆ ಪತ್ರಗಳ ನಡುವೆ ಕೂತಿದ್ದಾಗ ಎದುರು ಮನೆಯ ಚೈತ್ರಾ ಬಂದಳು. ಮೈಸೂರಿನ ಹುಡುಗಿ, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಗಂಗತ್ತಿಯ ತುರಿಕೆಯ ಕಥೆ ಕೇಳಿದವಳೇ ಫೋನು ತೆಗೆದು ಅರ್ಧ ನಿಮಿಷದಲ್ಲಿ, "ಅಜ್ಜಿ, ಹೇರ್ ಡ್ರೈಯರ್‌ನ ಕೂಲ್ ಮೋಡಲ್ಲಿ ಇಟ್ಟು ಒಳಗಡೆ ಗಾಳಿ ಬಿಡ್ಬೇಕಂತೆ" ಎಂದು ತನ್ನ ಮನೆಯಿಂದ ಅದನ್ನು ತಂದೂಬಿಟ್ಟಳು. ತಣ್ಣನೆಯ ಗಾಳಿ ಪ್ಲಾಸ್ಟರಿನೊಳಗೆ ಹೊಕ್ಕಾಗ ಗಂಗತ್ತಿಯ ಮುಖದಲ್ಲಿ ಬಂದ ಕಳೆಯನ್ನು ಯಾವ ಇನ್‌ಲ್ಯಾಂಡ್ ಪತ್ರವೂ ತಂದಿದ್ದನ್ನು ನಾನು ಕಂಡಿಲ್ಲ. ಒಪ್ಪಬೇಕಾದದ್ದನ್ನು ಒಪ್ಪಬೇಕು.

ಖುಷಿಯಲ್ಲಿ ಗಂಗತ್ತಿ ಬಸ್ಸಿನ ಕಥೆ ಮತ್ತೆ ಹೇಳಿದಳು. ಈ ಸಲ ಗ್ಯಾಸಿಗೆ ಹಳದಿ ಬಣ್ಣವೂ ಬಂದಿತ್ತು.

"ಸೂಪರ್ ಆಂಟಿ ನೀವು!" ಎಂದಳು ಚೈತ್ರಾ. "ಇದನ್ನ ನಾನು ಬರ್ದು ಪೋಸ್ಟ್ ಮಾಡ್ತೀನಿ, ನಿಮ್ಮಿಬ್ರ ಫೋಟೊ ಹಾಕಿ. ಎಲ್ರೂ ಓದ್ಲಿ. ಆಂಟಿ, ಸ್ವಲ್ಪ ಅಜ್ಜಿ ಪಕ್ಕ ಕೂತ್ಕೊಳಿ."

ಎಲ್ಲರೂ ಓದಲಿ. ಕಾರ್ಡು ಈಗ ಊರಿನ ಅಗಸಿಯಲ್ಲಿ ಅಲ್ಲ, ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲದ ಕಡೆ ಹೊರಟಿತ್ತು. ಆ ಬಸ್ಸಿನಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರಾದರೂ ನೀಲಿ ಅಕ್ಷರ ಒತ್ತಿ ನೋಡಿರುತ್ತಾರೆ. ಅವರ ಬಾಯಿಂದ ತಿಳಿಯುವ ಮೊದಲು ಗಂಗತ್ತಿಗೆ ಅದು ನನ್ನ ಬಾಯಿಂದ ತಿಳಿಯಬೇಕಿತ್ತು. ಆದರೆ ತಿಳಿದ ಮೇಲೆ ಅವಳು ನನಗೆ ಇನ್ನೊಂದು ಕಾಗದ ಕೊಟ್ಟು ‘ಓದು’ ಎನ್ನುತ್ತಾಳೆಯೇ? ಔಷಧದ ಚೀಟಿ, ಬ್ಯಾಂಕಿನ ಪತ್ರ, ದೇವರ ಪುಸ್ತಕ, ಎಂಟನೆಯ ವಯಸ್ಸಿನಿಂದ ಅವಳು ನನ್ನ ನಾಲಿಗೆಯನ್ನು ನಂಬಿ ಬದುಕಿದವಳು.

"ಚೈತ್ರಾ, ಇವತ್ ಬ್ಯಾಡ" ಎಂದೆ. ನನ್ನ ಮುಖ ನೋಡಿ ಹುಡುಗಿ "ಓಕೆ ಆಂಟಿ" ಎಂದು ಡ್ರೈಯರನ್ನು ಅಲ್ಲೇ ಬಿಟ್ಟು ಹೋದಳು.

ನಾನು ಫೋನು ತೆಗೆದೆ. ಆ ಸಂದೇಶವನ್ನು ಮೂರು ವಾರದಿಂದ ಅಳಿಸಿರಲಿಲ್ಲ. ಮೊದಲು ಒಬ್ಬಳೇ ಓದಿಕೊಂಡೆ, ಪೂರಾ. ಗಂಗತ್ತಿ ಕಾದಳು. ಆಮೇಲೆ ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ, ಮೊದಲಿನಿಂದ ಕೆಳಗಿನ ಎರಡು ಸಾಲಿನವರೆಗೆ.

ಗಂಗತ್ತಿ ಹಾಸಿಗೆಯ ಮೇಲಿನ ಒಂದು ಕಾರ್ಡನ್ನು ಎತ್ತಿ ಮೂಲೆಗಳನ್ನು ಮುಟ್ಟಿ ನೋಡಿದಳು. ಅರಿಶಿಣದ ಕಲೆ ಇನ್ನೂ ಇತ್ತು.

"ಹಂಗಾದ್ರ ಗ್ಯಾಸ್ ಇರಲೇ ಇಲ್ಲ?"

"ಇರಲಿಲ್ಲ."

"ಸುಮ್ಮನ ಬಿದ್ನಿ?"

"ಹೂಂ, ಅತ್ತಿ."

"ಬಿ.ಎ. ಮಾಡಿಸಿದ್ದು ಅರ್ಧ ಓದ್ಲಿಕ್ಕೇನ ಹುಚ್ಚಿ?"

ನನಗೆ ಅಳು ಬಂತು. ಐವತ್ತೈದು ವರ್ಷದ ಹೆಂಗಸು, ಪತ್ರಗಳ ನಡುವೆ ಕೂತು ಮೂಗು ಸೊರಸೊರ ಎನ್ನಿಸುತ್ತ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅಳು ಮುಗಿಯುವವರೆಗೆ ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಮೂರ್ ವಾರ ಆತು, ಈ ಬಾಡಿದ ಮಾರಿ ಹೊತಗೊಂಡು ತಿರಗ್ಲಿಕತ್ತಿ. ಏನೋ ಇಟಗೊಂಡಾಳ ಅಂತ ಗೊತ್ತಿತ್ತು. ಶಾಂತಕ್ಕ ಹೋದಾಗಲೂ ಇದ ಮಾರಿ ಇತ್ತು ನಿಂದು."

ನಾನು ತಲೆ ಎತ್ತಿದೆ. "ಆವಾಗ ನಿನಗ ಗೊತ್ತಿತ್ತು?"

"ನೀ ಕಾರ್ಡ್ ಹಿಡಕೊಂಡು ನಿಂತಿದ್ದಿ. ಹರದ ಮೂಲಿ ನನ್ನ ಕಡೆನ ಇತ್ತು. ಗೊತ್ತಿಲ್ಲದ ಮಟಮಟ ಮಧ್ಯಾಹ್ನ ತಲಿ ಮ್ಯಾಲ ತಣ್ಣೀರು ಹಾಕ್ಕೋತಾರೇನ?"

"ಮತ್ಯಾಕ ಸುಮ್ಮನಿದ್ದಿ?"

"ಸಣ್ಣಾಕಿ ಇದ್ದಿ. ಅಷ್ಟ್ ಕಷ್ಟಪಟ್ಟು ಸುಳ್ಳು ಓದಿದ್ದಿ. ಓದ್ಲಿ ಬಿಡು ಅಂದೆ." ಆಮೇಲೆ ದನಿ ಬಿಗಿ ಮಾಡಿದಳು. "ಈಗೇನ್ ನೀ ಸಣ್ಣಾಕಿ ಅಲ್ಲ. ಕಣ್ಣ ಒರಸ್ಕೋ. ಎಲ್ಲಾರಿಗೂ ಕಾಗದ ಬರೀಬೇಕು. ಆ ಫೋನಿನ್ಯಾಗ ಬರಿ, ನಾ ಹೇಳ್ತೀನಿ."

ಅವಳು ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ ಕೂತಳು, ವಾಡೆಯಲ್ಲಿ ಪತ್ರ ಬರೆಸುವಾಗ ಕೂರುತ್ತಿದ್ದಂತೆ. ನಾನು ಬಂಧುಗಳ ಗ್ರೂಪು ತೆರೆದೆ.

"ಇತ್ತ ನಾವೆಲ್ಲ ಆರಾಮ. ನೀವೆಲ್ಲ ಆರಾಮ ಇದ್ದೀರಿ ಅಂತ ತಿಳದೀವಿ. ಬರದ್ಯಾ?"

"ಬರದೆ."

"ಬಸ್ಸಿನ್ಯಾಗ ಗ್ಯಾಸ್ ಇರಲಿಲ್ಲ. ನಮ್ಮ ಸುನಂದಾ ಕಾಗದ ಪೂರಾ ಓದದ ಒದರಿದ್ಲು. ಹಿಂಗಾಗಿ ನಾ ಬಿದ್ದೆ. ಸುನಂದಾ ಅಂತ ಸರಿಯಾಗಿ ಬರಿ, ಯಾರೋ ಅನಬ್ಯಾಡ."

"ಬರದೇನಿ, ಅತ್ತಿ."

"ಆಕಿ ಹೇಳಿದ್ಲು, ನಾ ಕೇಳೇನಿ. ಇನ್ನ ನೀವ್ಯಾರೂ ಆಕೀಗೆ ಏನೂ ಅನಬ್ಯಾಡ್ರಿ. ಅನ್ನೂದೆಲ್ಲ ನಾ ಅಂದೇನಿ. ಕೈ ಕೂಡ್ಲಿಕತ್ತದ. ಕುಬಸದ್ ಹುಡುಗಿಗೆ ಹೋಳಿಗಿ ಮುಟ್ಟಲಿಲ್ಲ, ಹೆರಿಗಿ ಆದ ಮ್ಯಾಲ ತರ್ತೀವಿ. ದೊಡ್ಡವರಿಗೆ ನಮಸ್ಕಾರ, ಸಣ್ಣವರಿಗೆ ಆಶೀರ್ವಾದ. ಈಗ ಓದಿ ತೋರ್ಸು."

ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ. ಅವಳು ಸುಮ್ಮನೆ ಕೂತಿದ್ದಳು, ಕೆರೆಯುವ ಉಗುರನ್ನೂ ನಿಲ್ಲಿಸಿ. ಆಮೇಲೆ ಗಟ್ಟಿಯಾಗಿ ಓದಿದೆ. ನನ್ನ ಹೆಸರು ಬಂದಲ್ಲಿ ದನಿ ಸ್ವಲ್ಪ ಸಣ್ಣದಾಯಿತು, ಆದರೂ ಓದಿದೆ.

"ಕೆಳಗ ಏನರ ಉಳದದೇನ?"

"ಇಲ್ಲ, ಅತ್ತಿ. ಇಷ್ಟ."

"ಹಂಗಾದ್ರ ಹಾಕು ಪೋಸ್ಟಿನ ಡಬ್ಬಿಗೆ."